ಟೈಟನ್‌ಫಾಲ್ 2: ಮೊದಲು ಒಬ್ಬರೇ ಆಡಿ, ಆಮೇಲೆ ಆನ್‌ಲೈನ್

ಟೈಟನ್‌ಫಾಲ್ 2 ಅನ್ನುವ ಶೂಟಿಂಗ್ ವಿಡಿಯೋ ಗೇಮ್ ಬಂದಿದ್ದು 2016ರ ಅಕ್ಟೋಬರ್ 28ಕ್ಕೆ. ಅದಕ್ಕೆ ಒಂದು ವಾರ ಮುಂಚೆ ಬ್ಯಾಟಲ್‌ಫೀಲ್ಡ್ 1 ಬಂದಿತ್ತು, ಒಂದು ವಾರ ಆದಮೇಲೆ ಕಾಲ್ ಆಫ್ ಡ್ಯೂಟಿಯ ಹೊಸ ಗೇಮ್. ಇವೆರಡರ ಮಧ್ಯೆ ಸಿಕ್ಕಿಕೊಂಡು ಇಷ್ಟು ಒಳ್ಳೆ ಗೇಮ್ ಎಷ್ಟೋ ಜನರ ಕಣ್ಣಿಗೇ ಬೀಳಲಿಲ್ಲ. ನನಗೆ ಆ ಬೇಜಾರು ಇನ್ನೂ ಹೋಗಿಲ್ಲ.

ಕಥೆ ಸರಳ. ಜ್ಯಾಕ್ ಕೂಪರ್ ಒಬ್ಬ ಸಾಮಾನ್ಯ ಸೈನಿಕ. ಟೈಫನ್ ಅನ್ನುವ ಗ್ರಹದಲ್ಲಿ ಇಳಿದ ಸ್ವಲ್ಪ ಹೊತ್ತಿಗೇ ಅವನಿಗೆ ಕಲಿಸುತ್ತಿದ್ದ ಪೈಲಟ್ ಸಾಯುತ್ತಾನೆ, ಆ ಪೈಲಟ್‌ನ ಟೈಟನ್, ಅಂದರೆ ಒಳಗೆ ಕೂತು ನಡೆಸುವ ದೈತ್ಯ ರೋಬಾಟ್, ಕೂಪರ್ ಪಾಲಿಗೆ ಬರುತ್ತದೆ. ಅದರ ಹೆಸರು ಬಿಟಿ-7274. ಹೋಗ್ತಾ ಹೋಗ್ತಾ ಅದರ ಜೊತೆ ಮಾತಾಡಬಹುದು, ಏನು ಉತ್ತರ ಕೊಡಬೇಕು ಅಂತ ನಾವೇ ಆರಿಸಬಹುದು. ಆಟ ಮುಗಿಯುವ ಹೊತ್ತಿಗೆ ಅದರ ಮೇಲೆ ನಿಜಕ್ಕೂ ಪ್ರೀತಿ ಬಂದುಬಿಡುತ್ತದೆ.

ಆದರೆ ನಾನು ಮತ್ತೆ ಮತ್ತೆ ಆಡುವುದು 'ಎಫೆಕ್ಟ್ ಅಂಡ್ ಕಾಸ್' ಲೆವೆಲ್‌ಗಾಗಿ. ಹಾಳುಬಿದ್ದ ಒಂದು ಪ್ರಯೋಗಾಲಯ. ಕೈಗೆ ಕಟ್ಟಿಕೊಂಡ ಒಂದು ಯಂತ್ರ, ಒಂದೇ ಬಟನ್. ಒತ್ತಿದರೆ ಅದೇ ಜಾಗದ ಹಳೆಯ ಕಾಲಕ್ಕೆ ಹೋಗುತ್ತೀರಿ, ದೀಪಗಳೆಲ್ಲ ಉರಿಯುತ್ತಿರುತ್ತವೆ, ಎದುರಿಗೆ ಗನ್ ಹಿಡಿದ ಕಾವಲುಗಾರರು. ಮತ್ತೆ ಒತ್ತಿದರೆ ಅವರ್ಯಾರೂ ಇಲ್ಲ, ಬರೀ ಬೆಂಕಿ, ಅವಶೇಷ. ಹಾಗೇ ನಾಲ್ಕು ಹೆಜ್ಜೆ ಸುತ್ತಿ ಬಂದು ಇನ್ನೊಮ್ಮೆ ಒತ್ತಿದರೆ ಕಾವಲುಗಾರನ ಬೆನ್ನ ಹಿಂದೆಯೇ ಇರುತ್ತೀರಿ! ಈ ಗೇಮ್‌ನಲ್ಲಿ ಗೋಡೆ ಮೇಲೂ ಓಡಬಹುದು. ಇಲ್ಲಿ ಓಡಬೇಕಾದ ಒಂದು ಗೋಡೆ ಈಗಿನ ಕಾಲದಲ್ಲಿ, ಮುಂದಿನದು ಹಿಂದಿನ ಕಾಲದಲ್ಲಿ, ಗಾಳಿಯಲ್ಲಿ ಹಾರುತ್ತಿರುವಾಗಲೇ ಕಾಲ ಬದಲಿಸಬೇಕು. ಇಂಥ ಐಡಿಯಾ ಇಟ್ಟುಕೊಂಡು ಇಡೀ ಗೇಮ್ ಎಳೆಯಬಹುದಿತ್ತು, ಗೇಮ್ ಮಾಡಿದ ರೆಸ್ಪಾನ್ ಕಂಪನಿಯವರು ಒಂದೇ ಲೆವೆಲ್‌ಗೆ ಮುಗಿಸಿದರು. ಆ ಧೈರ್ಯ ನನಗೆ ತುಂಬಾ ಇಷ್ಟ.

ಒಬ್ಬರೇ ಆಡುವಾಗ ಗೋಡೆ ಮೇಲೆ ಓಡುವುದು ದಾಟುವುದಕ್ಕೆ ಅಷ್ಟೇ. ಬಿದ್ದರೆ ಇನ್ನೊಮ್ಮೆ ಶುರು ಮಾಡಿದರಾಯ್ತು. ಆನ್‌ಲೈನ್‌ನಲ್ಲಿ ಅದೇ ಓಟ ಜೀವ ಉಳಿಸಿಕೊಳ್ಳುವುದಕ್ಕೆ. ನೆಲದ ಮೇಲೆ ಸುಮ್ನೆ ನಿಂತರೆ ಮುಗೀತು, ಯಾರೋ ಕಿಟಕಿಯಿಂದ ಹಾರಿ ಬಂದು ಹೊಡೆದು ಹೋಗಿರುತ್ತಾರೆ, ಯಾರು ಅಂತ ನೋಡುವಷ್ಟು ಟೈಮೂ ಸಿಗುವುದಿಲ್ಲ. ಓಡು, ಜಾರು, ಹಾರು, ಮತ್ತೆ ಗೋಡೆ. ವೇಗ ಕಳೆದುಕೊಳ್ಳಬಾರದು.

ಹಾಗಂತ ಹೊಸಬರು ಹೆದರಬೇಕಿಲ್ಲ. ಆಟ್ರಿಷನ್ ಮೋಡ್‌ನಲ್ಲಿ ಆರಾರು ಜನರ ಎರಡು ತಂಡ, ಜೊತೆಗೆ ಕಂಪ್ಯೂಟರ್ ನಡೆಸುವ ಸೈನಿಕರೂ ಇರುತ್ತಾರೆ. ಅವರನ್ನು ಹೊಡೆದರೂ ತಂಡಕ್ಕೆ ಅಂಕ ಬರುತ್ತದೆ, ನಿಮ್ಮ ಟೈಟನ್ ಕೂಡ ಬೇಗ ಸಿದ್ಧವಾಗುತ್ತದೆ. ಕೈ ಪಳಗದವರೂ ತಂಡಕ್ಕೆ ಉಪಯೋಗಕ್ಕೆ ಬರುತ್ತಾರೆ, ಅದು ದೊಡ್ಡ ವಿಷಯ ಅಲ್ವಾ? ಬೇರೆಯವರ ಜೊತೆ ಹೊಡೆದಾಟವೇ ಬೇಡ ಅನ್ನುವವರಿಗೆ 2017ರಲ್ಲಿ ಸೇರಿಸಿದ ಫ್ರಾಂಟಿಯರ್ ಡಿಫೆನ್ಸ್ ಇದೆ, ನಾಲ್ಕು ಜನ ಸೇರಿ ಅಲೆ ಅಲೆಯಾಗಿ ಬರುವ ಶತ್ರುಗಳಿಂದ ಒಂದು ಯಂತ್ರವನ್ನು ಕಾಪಾಡಬೇಕು. ಕಥೆ ಮುಗಿಸಿದವರು ಆನ್‌ಲೈನ್‌ಗೆ ಕಾಲಿಡುವುದಾದರೆ ಅಲ್ಲಿಂದಲೇ ಶುರು ಮಾಡಿ.