ರಾಗಿ ತಳಿ ಕಟ್ಟುವ ಎಳೆಯರಿಗೆ ಶಾಲಿಗಿಂತ ಮೊದಲು ಬೇಕಾದದ್ದು

ಕೃಷಿ ವಿಶ್ವವಿದ್ಯಾಲಯಗಳಲ್ಲಿ ಯುವ ಸಂಶೋಧಕರಿಗೆ ಶಾಲು ಹೊದಿಸಿ ಫಲಕ ಕೊಡುವುದನ್ನು ನೋಡಿದರೆ ನಿಜಕ್ಕೂ ಸಂತೋಷವಾಗುತ್ತದೆ. ಆದರೆ ರಾಗಿ ತಳಿ ಅಭಿವೃದ್ಧಿಯಲ್ಲಿ ಪಿಎಚ್‌.ಡಿ. ಮಾಡುವವರಿಗೆ ಅದಕ್ಕೂ ಮೊದಲು ಬೇಕಾದದ್ದು ಮೂರಿವೆ: ಮಳೆಗೆ ಮುಂಚೆ ಹದವಾದ ಭೂಮಿ, ಕೈಯಲ್ಲಿ ಕೂಲಿ ದುಡ್ಡು, ನಡುರಾತ್ರಿ ಹೊಲದಲ್ಲಿ ಜೊತೆಗೊಬ್ಬರು.

ನಡುರಾತ್ರಿ ಯಾಕೆ ಅಂದರೆ ರಾಗಿ ಹೂ ಅರಳುವುದೇ ಆಗ, ಒಂದು ಗಂಟೆಯಿಂದ ಬೆಳಗಿನ ಐದರೊಳಗೆ. ತೆನೆಯ ಬೆರಳಿನಲ್ಲಿ ಮೇಲಿನಿಂದ ಕೆಳಕ್ಕೆ, ಒಂದೊಂದು ಹೂಗೊಂಚಲಿನಲ್ಲಿ ಬುಡದಿಂದ ತುದಿಗೆ ಅರಳುತ್ತಾ ಹೋಗುತ್ತದೆ. ಇಡೀ ತೆನೆ ಮುಗಿಯಲು ಸುಮಾರು ಒಂದು ವಾರ. ಹೂವೋ ಸಾಸಿವೆಗಿಂತ ದೊಡ್ಡದಲ್ಲ. ಎರಡು ತಳಿಗಳನ್ನು ಕೂಡಿಸಿ ಸಂಕರ ಮಾಡಲೆಂದು ಅದರೊಳಗಿನ ಮೂರು ಕೇಸರಗಳನ್ನು, ಅಂದರೆ ಗಂಡು ಭಾಗಗಳನ್ನು, ಚಿಮಟದಿಂದ ಕೀಳಹೋದರೆ ಹೆಣ್ಣು ಭಾಗವೂ ಜಜ್ಜಿಹೋಗುತ್ತದೆ. ಸ್ವಲ್ಪ ತಡವಾದರೆ ಹೂವಿನ ಪರಾಗ ಅದಕ್ಕೇ ತಾಗಿ ಸ್ವಕೀಯ ಪರಾಗಸ್ಪರ್ಶ ಆಗಿಯೇ ಹೋಗಿರುತ್ತದೆ. ತೆನೆಯನ್ನು 50 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಪರಾಗವನ್ನು ಕೊಲ್ಲುವ ಪದ್ಧತಿ ಇದೆ. ಶಾಖ ಹೆಚ್ಚಾದರೆ ಕಾಳೇ ಕಟ್ಟುವುದಿಲ್ಲ, ಕಡಿಮೆಯಾದರೆ ಪರಾಗ ಬದುಕಿ ಉಳಿಯುತ್ತದೆ. ಫ್ಲಾಸ್ಕಿನ ಜೊತೆ ಸರಿಯಾದ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಹೊಸಬರಿಗೆ ನಾನು ಹೇಳುವುದು ತೆನೆಗೆ ತೆನೆ ತಾಗಿಸುವ ಹಳೆಯ ವಿಧಾನ. ಹೆಣ್ಣಾಗಿ ಹಸಿರು ಗಿಡ, ಗಂಡಾಗಿ ನೇರಳೆ ಬಣ್ಣದ ಗಿಡ ಆರಿಸಿ. ಗಂಡನ್ನು ವಾರಕ್ಕೊಂದರಂತೆ ಮೂರು ಸಲ ಬಿತ್ತಿದರೆ ಯಾವುದಾದರೂ ಒಂದು ಹೆಣ್ಣಿನ ಹೂವಿನ ಕಾಲಕ್ಕೆ ಕೂಡಿಬರುತ್ತದೆ. ಆಗಷ್ಟೇ ಅರಳಲು ತೊಡಗಿದ ಹೆಣ್ಣು ತೆನೆಯಿಂದ ಅರಳಿದ ಹೂಗಳನ್ನು ತೆಗೆದುಹಾಕಿ, ಗಂಡು ತೆನೆ ಸ್ವಲ್ಪ ಮೇಲಿರುವಂತೆ ಎರಡನ್ನೂ ಸೇರಿಸಿ ಕಟ್ಟಿ ಬಟರ್ ಪೇಪರ್ ಚೀಲ ತೊಡಿಸಿ. ನಸುಕಿನಲ್ಲಿ ಚೀಲವನ್ನು ಮೆಲ್ಲಗೆ ತಟ್ಟಬೇಕು. ಸಿಗುವ ಬೀಜದಲ್ಲಿ ಬಹುಪಾಲು ಸ್ವಕೀಯವೇ ಆಗಿರುತ್ತದೆ, ನಿಜವಾದ ಸಂಕರ ತೀರಾ ಕಡಿಮೆ. ಬಣ್ಣ ನೋಡಿ ಆರಿಸುವುದು ಅದಕ್ಕೇ. ನೇರಳೆ ಪ್ರಬಲ ಗುಣವಾದ್ದರಿಂದ ಮುಂದಿನ ಬಿತ್ತನೆಯಲ್ಲಿ ನೂರಾರು ಹಸಿರು ಸಸಿಗಳ ನಡುವೆ ನೇರಳೆ ಬುಡದ ಒಂದೆರಡು ಕಂಡರೆ ಅವೇ ಸಂಕರ. ಅಷ್ಟು ಸಸಿ ಬೆಳೆಸಲು ಜಾಗವಿಲ್ಲದ ವಿದ್ಯಾರ್ಥಿಗೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ವರ್ಷಾನುಗಟ್ಟಲೆ ಹೊಲದಲ್ಲೇ ಬಾಳಿ. ಇವತ್ತಿನ ವಿದ್ಯಾರ್ಥಿಗೆ ಸಿಗುವುದು ಮೂರೋ ನಾಲ್ಕೋ ಮುಂಗಾರು. ಸಂಕರದಿಂದ ಹಿಡಿದು ಗುಣ ಸ್ಥಿರವಾದ ಸಾಲಿನವರೆಗೆ ಆರೇಳು ಪೀಳಿಗೆ ಬೇಕು. ನೀರಾವರಿ ಇದ್ದು ಬೇಸಿಗೆಯಲ್ಲೂ ಒಂದು ಬೆಳೆ ತೆಗೆದರೂ ಲೆಕ್ಕ ಬಿಗಿಯೇ. ಹಾಗಾಗಿ ಮೊದಲ ವರ್ಷದವರ ಕೈಗೆ ಹಿರಿಯರು ಅರ್ಧ ದಾರಿ ಬಂದ ಪೀಳಿಗೆಗಳನ್ನು ಕೊಡುವುದೇ ನ್ಯಾಯ. ಇಲ್ಲವೇ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಮಿನಿ ಕೋರ್ ಸಂಗ್ರಹದಿಂದ, ಅಂದರೆ ದೊಡ್ಡ ಸಂಗ್ರಹದ ವೈವಿಧ್ಯವನ್ನು ಪ್ರತಿನಿಧಿಸುವಂತೆ ಆರಿಸಿದ 80 ಮೂಲಗಳಿಂದ, ಶುರುಮಾಡಿಸಬಹುದು. ಒಂದೊಂದು ಮೂಲವನ್ನೂ ಮೂರು ಸಲ ಬಿತ್ತುವ ಮೂರು ಪುನರಾವರ್ತನೆಗೆ 240 ತಾಕು, ಒಬ್ಬರು ನಿಭಾಯಿಸಬಹುದಾದಷ್ಟು.

ಆ ತಾಕುಗಳಿಗೆ ಯಾವ ಭೂಮಿ ಕೊಡುತ್ತೀರಿ ಎಂಬುದೂ ಮುಖ್ಯ. ಹೊಸಬರಿಗೆ ಸಾಮಾನ್ಯವಾಗಿ ಬರುವುದು ಬೇಲಿ ಪಕ್ಕದ, ಮರದ ನೆರಳಿನ ಮೂಲೆ. ಹಿಂದೆ ಗೊಬ್ಬರದ ಗುಡ್ಡೆ ಇದ್ದ ಕಡೆ ಪೈರು ದಟ್ಟವಾಗಿ ಎದ್ದರೆ ತಳಿಯ ಗುಣ ಯಾವುದು, ಮಣ್ಣಿನ ಗುಣ ಯಾವುದು ಗೊತ್ತಾಗುವುದಿಲ್ಲ. ಒಂದೊಂದು ಪುನರಾವರ್ತನೆಯೊಳಗೆ ಮಣ್ಣು ಆದಷ್ಟು ಒಂದೇ ತರಹ ಇರಲಿ. ಇಳಿಜಾರು ಇದ್ದರೆ ಅದಕ್ಕೆ ಅಡ್ಡಲಾಗಿ ವಿಭಾಗ ಮಾಡಿ. ಅಂಚಿನ ಸಾಲುಗಳ ಇಳುವರಿ ಲೆಕ್ಕಕ್ಕೆ ಬೇಡ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಬಿಸಿಲು ಮಳೆಗೆ ಅಳಿಸಿಹೋಗುತ್ತದೆ, ಸೀಸದ ಗೀಟು ಉಳಿಯುತ್ತದೆ. ತಾಕಿನ ನಕ್ಷೆಯ ಫೋಟೋ ಗೈಡ್ ಹತ್ತಿರವೂ ಇರಲಿ.

ಇನ್ನು ದುಡ್ಡು. 2023ರ ಜನವರಿಯಿಂದ ಕಿರಿಯ ಸಂಶೋಧಕರ ಶಿಷ್ಯವೇತನ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯ ಸಂಶೋಧಕರದ್ದು (ಎಸ್‌ಆರ್‌ಎಫ್) 42,000 ರೂಪಾಯಿ. ಆದೇಶವೇನೋ ಒಳ್ಳೆಯದೇ. ತೊಂದರೆ ಇರುವುದು ಅದು ಕೈಗೆ ಬರುವ ಹೊತ್ತಿನಲ್ಲಿ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮುಂಗಾರು ಬಿತ್ತನೆ ಜೂನ್–ಜುಲೈನಲ್ಲಿ. ಮೊದಲ ಕಂತು ಸೆಪ್ಟೆಂಬರಿಗೆ ಬಂದರೆ ಕಳೆ ತೆಗೆದ ಕೂಲಿಯನ್ನು ವಿದ್ಯಾರ್ಥಿಯೇ ಸಾಲ ಮಾಡಿ ಕೊಟ್ಟಿರುತ್ತಾರೆ. ವಿಭಾಗಗಳು ಮೇ ತಿಂಗಳಲ್ಲೇ ಮುಂಗಡ ಕೊಟ್ಟು, ಅನುದಾನ ಬಂದ ಮೇಲೆ ವಜಾ ಮಾಡಿಕೊಳ್ಳುವ ಏರ್ಪಾಡು ಮಾಡಬೇಕು. ರಾತ್ರಿ ಕೆಲಸಕ್ಕೆ ದೀಪ, ವಾಹನ, ಕಾವಲಿನವರೊಬ್ಬರು ಬೇಕೇ ಬೇಕು. ಹೆಣ್ಣುಮಕ್ಕಳು ಸಂಕರಣದ ಕೆಲಸ ಬಿಟ್ಟು ಲ್ಯಾಬ್ ವಿಷಯ ಆರಿಸಿಕೊಳ್ಳುತ್ತಿದ್ದರೆ ಕಾರಣವನ್ನು ಮೊದಲು ಇಲ್ಲಿ ಹುಡುಕಬೇಕು.

ಹೆಸರಿನ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ಸಂಕರ ಮಾಡಿದವರು ಪದವಿ ಪಡೆದು ಹೋದ ಎಷ್ಟೋ ವರ್ಷಗಳ ಮೇಲೆ, ಹಲವು ಕೇಂದ್ರಗಳ ಪರೀಕ್ಷೆ ಮುಗಿದು ತಳಿ ಬಿಡುಗಡೆಗೆ ಬರುತ್ತದೆ. ಅಷ್ಟರಲ್ಲಿ ಮೊದಲು ಚೀಲ ಕಟ್ಟಿದವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ. ಸಂಕರಣ ರಿಜಿಸ್ಟರಿನಲ್ಲಿ ತಂದೆ ತಾಯಿ ತಳಿ, ದಿನಾಂಕ ಬರೆಯುವ ಸಾಲಿನಲ್ಲೇ ಸಂಕರ ಮಾಡಿದವರ ಪೂರ್ತಿ ಹೆಸರೂ ಇರಲಿ. ಬಿಡುಗಡೆಯ ಪ್ರಸ್ತಾವ ಬರೆಯುವವರು ಆ ರಿಜಿಸ್ಟರ್ ತೆರೆದೇ ಬರೆಯಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳದ ತಾಕುಗಳ ಫಲಕದಲ್ಲಿ ತಳಿ, ಅವಧಿ, ಇಳುವರಿಯ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದ್ದೇ ಇರುತ್ತದೆ. ಅಲ್ಲಿ ಆ ವಿದ್ಯಾರ್ಥಿಯ ಹೆಸರು ಬರೆಸಿ, ರೈತರ ಪ್ರಶ್ನೆಗೆ ಉತ್ತರ ಹೇಳಲು ಅವರನ್ನೇ ನಿಲ್ಲಿಸಿ.