ರೆಡ್ ಫ್ಲ್ಯಾಗ್ ಕಾನೂನಿಂದ ಜೀವ ಉಳಿಯುತ್ತಾ? ಕೇಳಿದವರಿಗೆಲ್ಲ ನನ್ನ ಉತ್ತರ

ಅಮೆರಿಕದಲ್ಲಿ ಎಲ್ಲಾದರೂ ಗುಂಡಿನ ದಾಳಿ ಆಯಿತು ಅಂದರೆ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಬರುತ್ತದೆ. ಊರಿನ ನೆಂಟರೂ ಕೇಳುತ್ತಾರೆ, ಇಲ್ಲಿನ ಕನ್ನಡ ಕೂಟದವರೂ ಕೇಳುತ್ತಾರೆ. "ಅಪಾಯ ಅನ್ನಿಸಿದವರ ಕೈಯಿಂದ ಬಂದೂಕು ತಗೊಂಡು ಬಿಡೋ ಕಾನೂನು ಇದೆಯಂತಲ್ಲ, ಅದರಿಂದ ಏನಾದ್ರೂ ಪ್ರಯೋಜನ ಆಗಿದೆಯಾ? ನೀನು ಅದೇ ಲೆಕ್ಕದ ಕೆಲಸದಲ್ಲಿ ಇದ್ದೀಯಲ್ಲ?" ನಾನು ಇಲ್ಲಿ ಸಾರ್ವಜನಿಕ ಆರೋಗ್ಯದ ಅಂಕಿಅಂಶ ನೋಡುವವಳು. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ ಅಂತ ಎಲ್ಲರೂ ಕಾಯುತ್ತಾರೆ.

ನನ್ನ ಉತ್ತರ ಇದು. ಆತ್ಮಹತ್ಯೆಯ ಮಟ್ಟಿಗೆ ಹೌದು, ಜೀವ ಉಳಿಯುತ್ತಿದೆ ಅಂತ ನಂಬಲು ಒಳ್ಳೆಯ ಕಾರಣ ಇದೆ. ಕೊಲೆ ಮತ್ತು ಸಾಮೂಹಿಕ ದಾಳಿಯ ಮಟ್ಟಿಗೆ ಇನ್ನೂ ಲೆಕ್ಕ ಸಿಕ್ಕಿಲ್ಲ. ನೀವು ಕೇಳುವುದು ಎರಡನೆಯದರ ಬಗ್ಗೆ. ಪುರಾವೆ ಇರುವುದು ಮೊದಲನೆಯದಕ್ಕೆ.

ಮೊದಲು ಕಾನೂನು ಏನು ಅಂತ ನೋಡಿಬಿಡೋಣ. ಇದರ ಹೆಸರು ಎಕ್ಸ್‌ಟ್ರೀಮ್ ರಿಸ್ಕ್ ಪ್ರೊಟೆಕ್ಷನ್ ಆರ್ಡರ್. ಜನ ಕರೆಯುವುದು ರೆಡ್ ಫ್ಲ್ಯಾಗ್ ಕಾನೂನು ಅಂತ. ಒಬ್ಬ ವ್ಯಕ್ತಿ ತನಗೋ ಬೇರೆಯವರಿಗೋ ಅಪಾಯ ಮಾಡಬಹುದು ಅನ್ನಿಸಿದರೆ ಪೊಲೀಸರು, ಹಲವು ರಾಜ್ಯಗಳಲ್ಲಿ ಮನೆಯವರೂ, ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ಒಪ್ಪಿದರೆ ಮೊದಲು ಕೆಲವು ದಿನಗಳ ಮಟ್ಟಿಗೆ ಆದೇಶ, ಸಾಮಾನ್ಯವಾಗಿ ಎರಡು ಮೂರು ವಾರ. ಆಮೇಲೆ ಎರಡೂ ಕಡೆಯವರ ಮಾತು ಕೇಳಿ, ಬೇಕಿದ್ದರೆ ಹೆಚ್ಚಿನ ರಾಜ್ಯಗಳಲ್ಲಿ ಒಂದು ವರ್ಷದವರೆಗೆ. ಅಷ್ಟು ದಿನ ಆ ವ್ಯಕ್ತಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಹೊಸದು ಕೊಳ್ಳುವಂತಿಲ್ಲ. ಇದು ಸಿವಿಲ್ ಆದೇಶ. ಜೈಲಿಲ್ಲ, ಅಪರಾಧಿ ಅನ್ನುವ ಪಟ್ಟ ಇಲ್ಲ. ಕೊಡಗು, ಮಲೆನಾಡಿನ ಕಡೆಯವರಿಗೆ ಇದು ತೀರಾ ಹೊಸದೇನೂ ಅನ್ನಿಸಲಿಕ್ಕಿಲ್ಲ. ಚುನಾವಣೆ ಬಂತೆಂದರೆ ತಪ್ಪು ಮಾಡದವರೂ ಕೋವಿಯನ್ನು ಠಾಣೆಗೆ ಕೊಟ್ಟು ಬರಬೇಕಲ್ಲ, ಕಾಡುಹಂದಿ ಕಾಟಕ್ಕೆ ಏನು ಮಾಡೋದು ಅಂತ ಗೊಣಗುತ್ತಾ. ಅಲ್ಲಿ ಎಲ್ಲರಿಗೂ ಒಂದೇ ಆದೇಶ, ಇಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ. ವ್ಯತ್ಯಾಸ ದೊಡ್ಡದೇ. ಆದರೂ ಶಿಕ್ಷೆ ಇಲ್ಲದೆ, ಸ್ವಲ್ಪ ಕಾಲ, ಎಚ್ಚರಿಕೆಗಾಗಿ ಅನ್ನುವ ಯೋಚನೆ ಒಂದೇ.

ಈಗ ಆತ್ಮಹತ್ಯೆ ಯಾಕೆ ಬಂತು ಅಂತ ಕೇಳುತ್ತೀರಿ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಜನ. ಅದರಲ್ಲಿ 27,300 ಆತ್ಮಹತ್ಯೆ. ಕೊಲೆ ಸುಮಾರು 18 ಸಾವಿರ. ಟಿವಿಯಲ್ಲಿ ಕಾಣುವ ಸಾಮೂಹಿಕ ದಾಳಿಗಳು ಇದರಲ್ಲಿ ಬಹಳ ಸಣ್ಣ ಪಾಲು. ಬಂದೂಕು ಅಂದರೆ ಶಾಲೆಗೆ ನುಗ್ಗಿದವನು ಕಣ್ಣ ಮುಂದೆ ಬರುತ್ತಾನೆ. ಹೆಚ್ಚಿನ ಸಾವು ಆಗುವುದು ಮನೆಯೊಳಗೆ, ಒಬ್ಬರೇ ಇದ್ದಾಗ.

ಈ ಕಾನೂನು ಮೊದಲು ಬಂದದ್ದು ಕನೆಕ್ಟಿಕಟ್ ರಾಜ್ಯದಲ್ಲಿ, 1999ರಲ್ಲಿ. ಅದರ ಹಿಂದಿನ ವರ್ಷ ಅಲ್ಲಿನ ಲಾಟರಿ ಕಚೇರಿಯ ನೌಕರನೊಬ್ಬ ನಾಲ್ಕು ಸಹೋದ್ಯೋಗಿಗಳನ್ನು ಕೊಂದಿದ್ದ. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಮತ್ತು ಅವರ ತಂಡ 1999ರಿಂದ 2013ರವರೆಗಿನ 762 ಪ್ರಕರಣಗಳನ್ನು ಕೂತು ನೋಡಿತು. ಒಬ್ಬೊಬ್ಬರಿಂದ ಸರಾಸರಿ ಏಳು ಬಂದೂಕು ಪೊಲೀಸರ ಕೈಗೆ ಬಂದಿತ್ತು. ಏಳು! ಆ ಜನರ ಹೆಸರನ್ನು ಸಾವಿನ ದಾಖಲೆ ಜೊತೆ ಹೊಂದಿಸಿ ನೋಡಿದಾಗ, ಅವರಲ್ಲಿ ಆತ್ಮಹತ್ಯೆಯ ಪ್ರಮಾಣ ರಾಜ್ಯದ ಉಳಿದ ವಯಸ್ಕರಿಗಿಂತ ಸುಮಾರು 40 ಪಟ್ಟು ಜಾಸ್ತಿ ಇತ್ತು.

ಇದನ್ನು ಕೇಳಿದವರು ತಕ್ಷಣ ಹೇಳುತ್ತಾರೆ, "ಹಾಗಾದ್ರೆ ಕಾನೂನು ಸೋತಿತು ಅಂತ ತಾನೇ?" ಅಲ್ಲ. ಮೊದಲನೆಯದಾಗಿ, ಪೊಲೀಸರು ಸರಿಯಾದ ಜನರನ್ನೇ ಗುರುತಿಸಿದ್ದರು ಅಂತ ಅರ್ಥ. ಎರಡನೆಯದಾಗಿ, ಆ ಸಾವುಗಳಲ್ಲಿ ಹೆಚ್ಚಿನವು ಬಂದೂಕಿನಿಂದ ಆಗಿರಲಿಲ್ಲ. ಇಲ್ಲಿಂದ ಲೆಕ್ಕ ಶುರು. ಬಂದೂಕಿನ ಯತ್ನದಲ್ಲಿ ಬದುಕುಳಿಯುವವರು ತೀರಾ ಕಡಿಮೆ. ಬೇರೆ ರೀತಿಯ ಯತ್ನಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ಬಹುಪಾಲು ಜನ ಬದುಕುತ್ತಾರೆ. ಅಂದರೆ ಬಂದೂಕಿಲ್ಲದೆ ಆದ ಒಂದು ಸಾವಿನ ಹಿಂದೆ, ಸಾಯದೆ ಉಳಿದ ಎಷ್ಟೋ ಯತ್ನಗಳು ಇರುತ್ತವೆ. ಅವುಗಳಲ್ಲಿ ಒಂದಷ್ಟು ಬಂದೂಕಿನಿಂದ ಆಗಿದ್ದರೆ ಎಷ್ಟು ಜನ ಸಾಯುತ್ತಿದ್ದರು? ಹೀಗೆ ಹಿಂದಕ್ಕೆ ಲೆಕ್ಕ ಹಾಕಿದಾಗ, 10ರಿಂದ 20 ಪ್ರಕರಣಕ್ಕೆ ಒಂದು ಜೀವ ಉಳಿದಿದೆ ಅಂತ ಬಂತು. 2019ರಲ್ಲಿ ಇಂಡಿಯಾನಾ ರಾಜ್ಯದ 395 ಪ್ರಕರಣ ನೋಡಿದಾಗ 10ಕ್ಕೆ ಒಂದು. 2024ರಲ್ಲಿ ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್, ಮೇರಿಲ್ಯಾಂಡ್, ವಾಷಿಂಗ್ಟನ್ ನಾಲ್ಕೂ ರಾಜ್ಯಗಳ 4,583 ಜನರ ಮೇಲೆ ಲೆಕ್ಕ ಹಾಕಿದಾಗ 17ರಿಂದ 23ಕ್ಕೆ ಒಂದು. ಆತ್ಮಹತ್ಯೆಯ ಭಯ ಎಂದೇ ಅರ್ಜಿ ಹಾಕಿದ ಪ್ರಕರಣಗಳಲ್ಲಿ ಇನ್ನೂ ಕಡಿಮೆ ಆದೇಶಕ್ಕೆ ಒಂದು ಜೀವ.

ಬಂದೂಕು ಇಲ್ಲದಿದ್ದರೆ ಇನ್ನೊಂದು ದಾರಿ ಹುಡುಕುತ್ತಾರೆ ಬಿಡು, ಅನ್ನುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಕೆಲವರು ಹುಡುಕುತ್ತಾರೆ, ನಿಜ. ಎಲ್ಲರೂ ಅಲ್ಲ. ಒಮ್ಮೆ ಬದುಕುಳಿದವರಲ್ಲಿ ಬಹಳ ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಪಕ್ಕದ ಶ್ರೀಲಂಕಾ ನೋಡಿ. ಅಲ್ಲಿ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು 70% ಇಳಿಯಿತು. ಆ ಕೆಟ್ಟ ಗಳಿಗೆ ದಾಟಿದರೆ ಸಾಕು, ಅನೇಕರು ಉಳಿಯುತ್ತಾರೆ. (ಓದುತ್ತಿರುವ ಯಾರಿಗಾದರೂ ಈಗ ಅಂಥ ಗಳಿಗೆ ಆಗಿದ್ದರೆ, ಭಾರತದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.)

ಆದರೂ ಈ ಲೆಕ್ಕವನ್ನು ನಾನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಇದು ಊಹೆಗಳ ಮೇಲೆ ನಿಂತಿದೆ. ಬಂದೂಕು ಕೈಯಲ್ಲೇ ಇದ್ದಿದ್ದರೆ ಎಷ್ಟು ಜನ ಅದನ್ನೇ ಬಳಸುತ್ತಿದ್ದರು ಅನ್ನುವುದನ್ನು ಯಾರೂ ಕಂಡಿಲ್ಲ. ಇನ್ನೊಂದು ತೊಡಕು ಇದೆ. ಅರ್ಜಿ ಹಾಕುವುದು ಆ ಮನುಷ್ಯ ಅತಿ ಕೆಟ್ಟ ಸ್ಥಿತಿಯಲ್ಲಿ ಇದ್ದಾಗ. ಆದೇಶ ಇಲ್ಲದಿದ್ದರೂ ಅವರಲ್ಲಿ ಕೆಲವರು ತಾವಾಗಿಯೇ ಸುಧಾರಿಸುತ್ತಿದ್ದರು. ಅದರ ಶ್ರೇಯಸ್ಸನ್ನು ಕಾನೂನಿಗೆ ಕೊಟ್ಟುಬಿಡುವ ಅಪಾಯ ಇದೆ. ಔಷಧಿಗಾದರೆ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಸುಮ್ನೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಇಲ್ಲಿ ಚೀಟಿ ಎತ್ತಿ ಯಾರ ಮನೆಯಲ್ಲಿ ಬಂದೂಕು ಬಿಡಬೇಕು ಅಂತ ನಿರ್ಧರಿಸೋಕೆ ಆಗುತ್ತಾ? ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ.

ಹಾಗಾದರೆ ಇಡೀ ಊರಿನ ಸಾವಿನ ಸಂಖ್ಯೆ ಇಳಿಯಿತಾ ಅಂತ ನೋಡಬಹುದಲ್ಲ? ನೋಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಈ ಆದೇಶ ಅತಿ ಹೆಚ್ಚು ಬಳಸಿದ್ದು ಸ್ಯಾನ್ ಡಿಯೆಗೊ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಸಂಶೋಧಕರು ರಾಜ್ಯದ ಬೇರೆ ಕೌಂಟಿಗಳ ಅಂಕಿಅಂಶ ಬೆರೆಸಿ, ಈ ಆದೇಶವನ್ನು ಇಷ್ಟಾಗಿ ಬಳಸದ ಒಂದು ಕಾಲ್ಪನಿಕ ಸ್ಯಾನ್ ಡಿಯೆಗೊ ಕಟ್ಟಿದರು. ನಿಜವಾದದ್ದನ್ನು ಅದರ ಜೊತೆ ಹೋಲಿಸಿದರು. 2016ರಿಂದ 2019ರ ಅವಧಿಯಲ್ಲಿ ಬಂದೂಕಿನ ಹಿಂಸೆ ಇಳಿದ ಗುರುತು ಕಾಣಲಿಲ್ಲ. ಕಾನೂನಿನ ವಿರೋಧಿಗಳು ಇದನ್ನು ಎತ್ತಿ ಹಿಡಿಯುತ್ತಾರೆ. ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. 300 ಆದೇಶ ಆಗಿದೆ ಅಂದುಕೊಳ್ಳಿ. 17ಕ್ಕೆ ಒಂದು ಅಂದರೂ ನಾಲ್ಕು ವರ್ಷದಲ್ಲಿ ಉಳಿದದ್ದು 18 ಜೀವ. ಅಲ್ಲಿನ ಜನಸಂಖ್ಯೆ ಸುಮಾರು 33 ಲಕ್ಷ. ಅಷ್ಟು ಜನರಲ್ಲಿ ಸಾವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಆ 18 ಜನ ಬದುಕಿದ್ದರೂ ನಮ್ಮ ಗ್ರಾಫಿನಲ್ಲಿ ಕಾಣುವುದಿಲ್ಲ. ಕಾನೂನು ಕೆಲಸ ಮಾಡಿಲ್ಲ ಅನ್ನುವುದಕ್ಕೂ, ಕಾಣುವಷ್ಟು ಬಳಸಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ.

ಇಷ್ಟರ ಮೇಲೆ ಕಾನೂನುಗಳು ಒಂಟಿಯಾಗಿ ಬರುವುದಿಲ್ಲ. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯ ದಾಳಿ ಆದ ಮೇಲೆ ಫ್ಲೋರಿಡಾ ಇದನ್ನು ತಂದಾಗ, ಅದೇ ಮಸೂದೆಯಲ್ಲಿ ಬಂದೂಕು ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿತು. ಎರಡು ವರ್ಷಕ್ಕೆ ಕೋವಿಡ್ ಬಂತು, ಕೊಲೆಗಳು ದೇಶದ ತುಂಬಾ ಜಾಸ್ತಿ ಆದವು. ಇದರಲ್ಲಿ ಯಾವುದರ ಪರಿಣಾಮ ಯಾವುದು ಅಂತ ಬಿಡಿಸುವುದು ಹೇಗೆ?

ಇನ್ನು ಸಾಮೂಹಿಕ ದಾಳಿ. ಕ್ಯಾಲಿಫೋರ್ನಿಯಾದ ಗ್ಯಾರೆನ್ ವಿಂಟಮ್ಯೂಟ್ ಅವರ ತಂಡ 2019ರಲ್ಲಿ 21 ಪ್ರಕರಣ ವಿವರಿಸಿತು. ಎಲ್ಲವೂ ದಾಳಿ ಮಾಡುತ್ತೇನೆ ಅಂತ ಬೆದರಿಸಿದವರದ್ದು. ಬಂದೂಕು ತೆಗೆದುಕೊಂಡ ಮೇಲೆ ಆ ಬೆದರಿಕೆಗಳಲ್ಲಿ ಒಂದೂ ದಾಳಿಯಾಗಲಿಲ್ಲ. ಆಮೇಲೆ ಆರು ರಾಜ್ಯಗಳ 6,787 ಪ್ರಕರಣ ನೋಡಿದಾಗ 662ರಲ್ಲಿ, ಅಂದರೆ ಹತ್ತರಲ್ಲಿ ಒಂದರಲ್ಲಿ, ಕನಿಷ್ಠ ಮೂವರನ್ನು ಕೊಲ್ಲುವ ಬೆದರಿಕೆ ಇತ್ತು. ಹಾಗಂತ 662 ದಾಳಿ ತಪ್ಪಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆದರಿಸುವವರಲ್ಲಿ ಬಹುಪಾಲು ಜನ ಏನೂ ಮಾಡುವುದಿಲ್ಲ. ಯಾರು ಮಾಡುತ್ತಿದ್ದರು ಅಂತ ತಿಳಿಯುವ ದಾರಿ ನಮ್ಮಲ್ಲಿ ಇಲ್ಲ. ರಾಜಕಾರಣಿಗಳು ಈ ಸಂಖ್ಯೆಯನ್ನು ಬಳಸುವ ರೀತಿ ನೋಡಿದರೆ ನನಗೆ ರೇಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಆದೇಶ ಕೇಳದೇ ಹೋದ ಪ್ರಕರಣಗಳು. ಇಂಡಿಯಾನಾಪೊಲಿಸ್‌ನಲ್ಲಿ 2020ರ ಮಾರ್ಚ್‌ನಲ್ಲಿ ಒಬ್ಬ ತಾಯಿ ಮಗನ ಬಗ್ಗೆ ಹೆದರಿ ಪೊಲೀಸರಿಗೆ ಹೇಳಿದರು. ಪೊಲೀಸರು ಶಾಟ್‌ಗನ್ ತೆಗೆದುಕೊಂಡು ಹೋದರು, ವಾಪಸ್ ಕೊಡಲಿಲ್ಲ. ಆದರೆ ರೆಡ್ ಫ್ಲ್ಯಾಗ್ ಕಾನೂನಿನ ಕೆಳಗೆ ಪ್ರಾಸಿಕ್ಯೂಟರ್ ಕೋರ್ಟಿಗೆ ಹೋಗಲಿಲ್ಲ. ಆದೇಶ ಇಲ್ಲವಾದ್ದರಿಂದ ಹೊಸದು ಕೊಳ್ಳಲು ತಡೆ ಇರಲಿಲ್ಲ. ಅವನು ಕಾನೂನು ಪ್ರಕಾರವೇ ಎರಡು ರೈಫಲ್ ಕೊಂಡ. 2021ರ ಏಪ್ರಿಲ್‌ನಲ್ಲಿ ಫೆಡ್‌ಎಕ್ಸ್ ಕೊರಿಯರ್ ಕಂಪನಿಯ ಕಟ್ಟಡದಲ್ಲಿ ಎಂಟು ಜನರನ್ನು ಕೊಂದ. ಅವರಲ್ಲಿ ನಾಲ್ವರು ಸಿಖ್ಖರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಹತ್ತು ಜನ ಸತ್ತ ದಾಳಿಗೂ ಮೊದಲು, ದಾಳಿ ಮಾಡಿದವನು ಶಾಲೆಯಲ್ಲಿ ಬೆದರಿಕೆ ಬರೆದಿದ್ದ. ಮಾನಸಿಕ ತಪಾಸಣೆ ಆಯಿತು, ಅರ್ಜಿ ಆಗಲಿಲ್ಲ. ಇಂಥ ಘಟನೆಗಳನ್ನು ಸಂಶೋಧನೆಯಲ್ಲಿ ಎಲ್ಲಿ ಸೇರಿಸಬೇಕು? ಕಾನೂನು ಇತ್ತು, ಹಾಗಾಗಿ ಕಾನೂನಿನ ಸೋಲು ಅಂತಲೇ? ಬಳಸಲೇ ಇಲ್ಲ, ಹಾಗಾಗಿ ಲೆಕ್ಕಕ್ಕೇ ಬರುವುದಿಲ್ಲ ಅಂತಲೇ? ಒಂದೊಂದು ಅಧ್ಯಯನ ಒಂದೊಂದು ರೀತಿ ಸೇರಿಸುತ್ತದೆ, ಅದಕ್ಕೇ ಉತ್ತರಗಳೂ ಬೇರೆ ಬೇರೆ ಬರುತ್ತವೆ.

ನನಗೆ ಕೇಳಿದರೆ, ಕಾನೂನು ಇದೆಯಾ ಇಲ್ಲವಾ ಅನ್ನುವುದಕ್ಕಿಂತ ಯಾರು ಎಷ್ಟು ಸಲ ಅರ್ಜಿ ಹಾಕುತ್ತಾರೆ ಅನ್ನುವುದನ್ನು ಅಳೆಯಬೇಕು. ಕನೆಕ್ಟಿಕಟ್‌ನಲ್ಲೇ ಮೊದಲ ವರ್ಷಗಳಲ್ಲಿ ಇದನ್ನು ಬಳಸಿದ್ದು ತೀರಾ ಅಪರೂಪ. 2007ರ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ದಾಳಿಯ ನಂತರ ಬಳಕೆ ಹೆಚ್ಚಾಯಿತು. 2018ರ ಒಂದು ಅಧ್ಯಯನದಲ್ಲಿ ಅಲ್ಲಿ ಬಂದೂಕಿನ ಆತ್ಮಹತ್ಯೆ ಕಾನೂನು ಬಂದ ತಕ್ಷಣ ಇಳಿದದ್ದು 1.6%, ಬಳಕೆ ಹೆಚ್ಚಿದ ಮೇಲೆ 13.7%. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಕನೆಕ್ಟಿಕಟ್‌ನಲ್ಲಿ ಬೇರೆ ರೀತಿಯ ಆತ್ಮಹತ್ಯೆ ಅಷ್ಟೇ ಏರಿತ್ತು. ಇಂಡಿಯಾನಾದಲ್ಲಿ ಹಾಗೆ ಏರಲಿಲ್ಲ, ಅಲ್ಲಿ 7.5% ಇಳಿಕೆ. ಒಂದೇ ಪ್ರಬಂಧ, ಎರಡು ರಾಜ್ಯ, ಎರಡು ಕಥೆ. ಇದನ್ನು ಓದಿದ ಮೇಲೂ ನಾನು "ಹೌದು" ಕಡೆಗೇ ವಾಲುತ್ತೇನೆ, ಯಾಕೆಂದರೆ ಒಬ್ಬೊಬ್ಬರನ್ನೂ ಹಿಂಬಾಲಿಸಿ ಹಾಕಿದ ಲೆಕ್ಕ ಬೇರೆ ಬೇರೆ ರಾಜ್ಯಗಳಲ್ಲಿ ಹತ್ತಿರ ಹತ್ತಿರ ಬಂದಿದೆ. ಜಗಳ ಆಡುವವರಿಗೆ ಜಾಗ ಇದೆ ಅಂತಲೂ ಒಪ್ಪುತ್ತೇನೆ.

ಲೆಕ್ಕದ ಇನ್ನೊಂದು ಬದಿಯೂ ಇದೆ. 2018ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನಲ್ಲಿ ಬೆಳಗಿನ ಜಾವ ಇಂಥದೇ ಆದೇಶ ಹಿಡಿದು ಹೋದ ಪೊಲೀಸರು ಆ ಮನೆಯ ವ್ಯಕ್ತಿಯನ್ನೇ ಗುಂಡಿಟ್ಟು ಕೊಂದರು. ಎಷ್ಟು ಆದೇಶಕ್ಕೆ ಎಷ್ಟು ಜೀವ ಉಳಿಯಿತು ಅಂತ ಬರೆಯುವ ಪಟ್ಟಿಯಲ್ಲಿ ಆ ಸಾವಿಗೂ ಒಂದು ಸಾಲು ಬೇಕು.