ಅವ್ವನ ನೆನಪಿನ ಗುಳಿಗೆ

ನಮ್ಮವ್ವಗೆ 74. ಹೋದ ಬೇಸಿಗೆಯಲ್ಲಿ ಜೋಳ ಬೀಸಿಸಲು ಹೋಗಿ ಡಬ್ಬಿಯನ್ನು ಗಿರಣಿಯಲ್ಲೇ ಬಿಟ್ಟು ಬಂದಳು. ಅದು ಯಾರಿಗಾದರೂ ಆಗುತ್ತೆ. ಆದರೆ ಗಿರಣಿಗೆ ಹೋಗಿಯೇ ಇಲ್ಲ ಅಂತ ವಾದ ಹಾಕಿದಳು. "ನಾ ಯಾವಾಗ ಹೋಗೀನಿ?" ಗಿರಣಿ ಹುಡುಗ ಡಬ್ಬಿ ತಂದು ಕೊಟ್ಟಾಗ ಸುಮ್ಮನಾದಳು. ಆ ರಾತ್ರಿ ಅರ್ಧ ರೊಟ್ಟಿ ತಿಂದು ಎದ್ದಳು.

ಬೆಂಗಳೂರಿನ ತಮ್ಮನಿಗೆ ಹೇಳಿದೆ. ನಾಲ್ಕೇ ದಿನಕ್ಕೆ ಕಲಬುರಗಿಗೆ ಕೊರಿಯರ್ ಬಂತು. ಹಸಿರು ಡಬ್ಬಿ, ಮೇಲೆ ಎಲೆ, ಎಲೆಯೊಳಗೆ ಮಿದುಳು. ಒಳಗೆ ನೆನಪಿನ ಗುಳಿಗೆ. ಬ್ರಾಹ್ಮಿ, ಅಶ್ವಗಂಧ, ಗಿಂಕ್ಗೊ ಅನ್ನುವ ಚೀನಾ ಮರದ ಎಲೆ, ಅರಿಶಿನದ ಸಾರ. ಬೆಲೆ ಕೇಳಿ ಅವ್ವ, "ಇಷ್ಟು ರೊಕ್ಕಕ್ಕ ಹತ್ತು ಕಿಲೋ ತೊಗರಿಬ್ಯಾಳಿ ಬರ್ತಿತ್ತಲ್ಲೊ ತಮ್ಮಾ" ಅಂದಳು. ಆದ್ರೂ ಮಗ ಕಳಿಸಿದ್ದು ಅಂತ ನುಂಗಿದಳು. ಮೊದಲ ವಾರ ಹೊಟ್ಟೆ ಕೆಟ್ಟಿತು. ಬ್ರಾಹ್ಮಿಗೆ ಕೆಲವರಿಗೆ ಹಾಗಾಗುವುದುಂಟು.

ಒಂದು ತಮಾಷೆ. ಪಕ್ಕದ ಮನೆಯ ಉಡುಪಿಯವರು ಒಂದೆಲಗದ ತಂಬುಳಿ ಮಾಡಿ, "ಇದೇ ಬ್ರಾಹ್ಮಿ" ಅಂತ ಕೊಟ್ಟರು. ಡಬ್ಬಿಯಲ್ಲಿದ್ದದ್ದು ನೀರುಬ್ರಾಹ್ಮಿ. ಗಿಡ ಎರಡೂ ಬೇರೆ, ಹೆಸರು ಒಂದೇ.

ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರ್, "ಏನೇನು ನುಂಗ್ತೀರಿ, ಎಲ್ಲಾ ಮೇಜಿನ ಮ್ಯಾಲ ಇಡ್ರಿ" ಅಂದರು. ಹಸಿರು ಡಬ್ಬಿ ನೋಡಿದ ತಕ್ಷಣ ಪಕ್ಕಕ್ಕೆ ಸರಿಸಿದರು. ಅವ್ವ ಹೃದಯಕ್ಕೆ ಆಸ್ಪಿರಿನ್ ತಗೋತಾಳೆ. ಅದರ ಜೊತೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಭಯ. ಗಿಡದ್ದು ಅಂದ ಮಾತ್ರಕ್ಕೆ ನಾನು ಕೇಳಿಯೇ ಇರಲಿಲ್ಲ, ನೋಡಿ.

ಆಮೇಲೆ ಅವರು ಕೇಳಿದ್ದು, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಹನ್ನೆರಡು. ಮಾಂಸ, ಮೊಟ್ಟೆ? ಇಲ್ಲ. ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಬರೆದರು. ಥೈರಾಯ್ಡ್ ಸರಿ ಇತ್ತು, ಬಿ12 ಬಹಳ ಕಡಿಮೆ. ಈ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ದೇಹ ಬಿ12 ಹೀರುವುದು ಕಡಿಮೆ ಆಗುತ್ತದಂತೆ. ಅದರ ಕೊರತೆಯಿಂದ ಮರೆವೂ ಬರುತ್ತದೆ, ಪಾದ ಜುಮ್ಮೆನ್ನುವುದೂ. ಹಾಲು, ಮೊಸರಿನಲ್ಲಿ ಸ್ವಲ್ಪ ಇರುತ್ತದೆ. ಯಾವ ಸೊಪ್ಪು, ಬೇರನ್ನು ನಂಬಿಯೂ ಬಿ12 ತುಂಬಿಸಿಕೊಳ್ಳಲಾಗದು. ಇಂಜೆಕ್ಷನ್ ಶುರು ಮಾಡಿದರು.

ಹಸಿರು ಡಬ್ಬಿ ಬಿಡಿಸಿದ್ದಕ್ಕೆ ತಮ್ಮ ಒಪ್ಪಲಿಲ್ಲ. ರಾತ್ರಿ ಕೂತು ಓದಿದೆ. ಅಮೆರಿಕದಲ್ಲಿ 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂದಿದೆ. ಕೆಲವರಿಗೆ ಗಿಂಕ್ಗೊ 120 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಉಳಿದವರಿಗೆ ಬರೀ ಹುಸಿ ಮಾತ್ರೆ. ಸರಾಸರಿ ಆರು ವರ್ಷ ಕಳೆದರೂ ಮರೆವಿನ ಕಾಯಿಲೆ ತಡೆಯಲಿಲ್ಲ. ಬ್ರಾಹ್ಮಿ ಸ್ವಲ್ಪ ವಾಸಿ. ಹನ್ನೆರಡು ವಾರದ ಸಣ್ಣ ಪರೀಕ್ಷೆಗಳಲ್ಲಿ ನೆನಪು ಒಂಚೂರು ಸುಧಾರಿಸಿದ್ದುಂಟು. ಕಾಯಿಲೆ ನಿಲ್ಲಿಸುತ್ತೆ ಅಂತ ಮಾತ್ರ ಎಲ್ಲೂ ಗೊತ್ತಾಗಿಲ್ಲ. ಡಬ್ಬಿಯ ತಳದಲ್ಲೇ ಸಾಸಿವೆಯಷ್ಟು ಅಕ್ಷರದಲ್ಲಿ "ಔಷಧಿಯಾಗಿ ಬಳಸಲು ಅಲ್ಲ" ಅಂತಿತ್ತು. ಅವ್ವನ ಭೂತಗನ್ನಡಿ ಹಿಡಿದು ಓದಿದೆ.

ಅಗಸಿ ಹಿಂಡಿ, ಅಂದ್ರೆ ಅಗಸೆ ಬೀಜದ ಚಟ್ನಿಪುಡಿ, ಮಿದುಳಿಗೆ ಒಳ್ಳೇದಾ ಅಂತ ತಮ್ಮ ಮತ್ತೆ ಕೇಳಿದ. ಅದರಲ್ಲಿರುವ ಒಮೆಗಾ-3 ಅನ್ನುವ ಕೊಬ್ಬಿನಲ್ಲಿ ಮಿದುಳಿಗೆ ಬೇಕಾದ ರೂಪಕ್ಕೆ ಬದಲಾಗುವುದು ಬಹಳ ಕಡಿಮೆ. ಅವ್ವ ಅದನ್ನು ತಿನ್ನುವುದು ರೊಟ್ಟಿ ಜೊತೆ ರುಚಿಯಾಗಿರುತ್ತೆ ಅಂತ. ಅಷ್ಟು ಸಾಕಲ್ವಾ?

ಪಾದದ ಜುಮ್ಮು ಇಳಿದಿದೆ. ಮರೆವು ಪೂರ್ತಿ ಹೋಗಿಲ್ಲ. ಮೊನ್ನೆ ಫೋನಿನಲ್ಲಿ ತಮ್ಮ, "ಅವ್ವಾ, ಡಬ್ಬಿ ಖಾಲಿ ಆಯ್ತಾ?" ಅಂದ. "ಖಾಲಿ ಆಗ್ಯದ ತಮ್ಮಾ, ಈಗ ಅದರಾಗ ಅಡಕಿ ಹಾಕೀನಿ" ಅಂದಳು.